ಆಪಾ ಮತ್ತು ದೊಡ್ಡಾಕಿ ಹಿಡಿದ ಮನೆ

ನ್ಯೂಜಿಲೆಂಡಿಗೆ ಬಂದು ವರ್ಷದ ಮೇಲಾದರೂ ನನಗೆ ಕೆಲಸ ಸಿಕ್ಕಿರಲಿಲ್ಲ. ಮೈಸೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವಳು, ಆಕ್ಲೆಂಡಿನಲ್ಲಿ ಗಂಡನನ್ನು ಆಫೀಸಿಗೂ ಮಗಳನ್ನು ಶಾಲೆಗೂ ಕಳಿಸಿ, ಪಾತ್ರೆ ತೊಳೆದು, ಮತ್ತೆ ಅದೇ ಪಾತ್ರೆಗಳನ್ನು ಒರೆಸಿಡುತ್ತಾ ದಿನ ಕಳೆಯುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದ ಕಾಲ ಅದು. ಒಂದು ದಿನ ಮಗಳ ಶಾಲೆಯ ಗೇಟಿನ ಹತ್ತಿರ ಪರಿಚಯದ ಹೆಂಗಸೊಬ್ಬಳು ತಡೆದು ನಿಲ್ಲಿಸಿ, "ನಿನಗೆ ಕನ್ನಡ ಬರುತ್ತಲ್ವಾ? ಕನ್ನಡ ಬರುವವರು ಬೇಕಂತೆ, ಕೆಲಸಕ್ಕೆ" ಎಂದಳು. ಕನ್ನಡಕ್ಕಾಗಿ ಈ ದೇಶದಲ್ಲಿ ಕೆಲಸ ಕೊಡುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನನಗೆ ಕೆಲಸ ಸಿಕ್ಕ ಮನೆ ಇದ್ದದ್ದು ಮೌಂಟ್ ಆಲ್ಬರ್ಟಿನಲ್ಲಿ, ನ್ಯೂ ನಾರ್ತ್ ರೋಡಿನ ಅಂಗಡಿಗಳ ಹಿಂದೆ. ಮರದ ಹಳೆಯ ಮನೆ, ಮುಂದೆ ವರಾಂಡ, ಹಿಂದೆ ನಿಂಬೆ ಗಿಡ ಮತ್ತು ಫೀಜೋವಾ ಎಂಬ ಹಣ್ಣಿನ ಒಂದು ದೊಡ್ಡ ಮರ. ನೆಲೆ ತಪ್ಪಿದ ಹೆಂಗಸರಿಗೆ ಒಂದಷ್ಟು ತಿಂಗಳು ಅಲ್ಲಿ ರೂಮು ಕೊಡುತ್ತಿದ್ದರು. ಗಂಡ ಸತ್ತವರು, ಆಸ್ಪತ್ರೆಯಿಂದ ಬಂದವರು, ಹೋಗಲು ಜಾಗವಿಲ್ಲದವರು. ಒಬ್ಬೊಬ್ಬರಿಗೂ ಅವರವರ ರೂಮು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಬಸ್ಸು ಹತ್ತುವುದು, ಬ್ಯಾಂಕಿಗೆ ಹೋಗುವುದು, ಡಾಕ್ಟರ ಹತ್ತಿರ ಮಾತಾಡುವುದು, ಬಾಡಿಗೆ ಮನೆ ಹುಡುಕುವುದು, ಇದಕ್ಕೆಲ್ಲ ನಮ್ಮಂಥವರು ಜೊತೆಗಿರಬೇಕು. ಅವರು ತಮ್ಮ ಕಾಲ ಮೇಲೆ ನಿಂತು ಹೊರಟ ದಿನ ನಮ್ಮ ಕೆಲಸ ಮುಗಿಯಿತು.

ಕನ್ನಡ ಬೇಕಾಗಿದ್ದದ್ದು ವಿಜಾಪುರದ ಕಡೆಯ ಒಬ್ಬ ಮುಸ್ಲಿಂ ಹೆಂಗಸಿಗಾಗಿ. ಐವತ್ತರ ಆಸುಪಾಸು, ಗಿಡ್ಡ ಆಳು, ತಲೆ ಮೇಲೆ ಸೆರಗು, ಬೆರಳಲ್ಲಿ ಬೆಳ್ಳಿ ಉಂಗುರ. ಗಂಡ ಸಂಬಂಧಿಕರೊಬ್ಬರ ಬಟ್ಟೆ ಅಂಗಡಿಯಲ್ಲಿ ಪಾಲುದಾರನಾಗಿ ಆಕ್ಲೆಂಡಿಗೆ ಬಂದಿದ್ದ. ಅವನು ಹೃದಯಾಘಾತವಾಗಿ ಹೋದಮೇಲೆ, ಅಂಗಡಿಯ ಮೇಲಿನ ಮನೆಯೂ ಹೋಯಿತು. ಮಕ್ಕಳಿರಲಿಲ್ಲ. ಮಸೀದಿಯ ಕಡೆಯ ಕುಟುಂಬದವರು ಕೆಲವು ತಿಂಗಳು ಇಟ್ಟುಕೊಂಡಿದ್ದರು. ಊರಿಗೆ ವಾಪಸು ಹೋಗಿ ಎಂದರೆ ಒಲ್ಲೆ ಎಂದಿದ್ದಳು.

ಮೊದಲ ದಿನ ನಾನು ಹೋದಾಗ ಆಕೆ ಮಂಚದ ತುದಿಯಲ್ಲಿ, ಈಗಲೇ ಎದ್ದು ಹೊರಡುವವಳ ಹಾಗೆ ಕೂತಿದ್ದಳು. ನಮ್ಮ ಮ್ಯಾನೇಜರ್, ತುಂಬ ನಾಜೂಕಿನ ಹೆಂಗಸು, ನನ್ನನ್ನು ಮುಂದೆ ತಳ್ಳಿ, "ಕೇಳು, ಅವರಿಗೆ ಏನು ಬೇಕೂಂತ" ಎಂದಳು.

"ನಮಸ್ಕಾರ ಆಂಟಿ, ನಾನು ಮೈಸೂರವಳು. ನಿಮಗೇನಾದ್ರೂ ಬೇಕಿತ್ತಾ?"

ಆಕೆಯ ಮುಖ ಅರಳಿತು. ಕೈ ಹಿಡಿದುಕೊಂಡು, "ಇಲ್ಲೆ ಅರಿವಿ ಎಲ್ಲಿ ಒಗೀಬೇಕು, ತಂಗಿ?" ಎಂದಳು.

ನಾನು ಕಕ್ಕಾಬಿಕ್ಕಿಯಾದೆ. ಅರಿವನ್ನು ಎಲ್ಲಿ ಒಗೆಯಬೇಕು? ಗಂಡನನ್ನು ಕಳೆದುಕೊಂಡ ದುಃಖದಲ್ಲಿ ಏನೋ ವೇದಾಂತ ಹೇಳುತ್ತಿದ್ದಾಳೆಂದು ಮ್ಯಾನೇಜರಿಗೆ ಹೇಗೆ ಅನುವಾದಿಸಲಿ ಎಂದು ತಡವರಿಸುತ್ತಿರುವಾಗ, ಆಕೆಯೇ ಮೂಲೆಯಲ್ಲಿದ್ದ ಮೈಲಿಗೆ ಬಟ್ಟೆಯ ಗಂಟನ್ನು ತೋರಿಸಿದಳು.

"ಓ, ಬಟ್ಟೆ!"

"ಅರಿವಿ ಅಂದ್ರ ಬಟ್ಟಿನs. ನಿನಗ ಕನ್ನಡ ಬರೂದಿಲ್ಲೇನು?" ಎಂದು ಆಕೆ ನಕ್ಕಳು. ಗಂಡ ಹೋದಮೇಲೆ ನಕ್ಕಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದಳು. "ಮತ್ತ ಆಂಟಿ ಗೀಂಟಿ ಅನಬ್ಯಾಡ. ಆಪಾ ಅನ್ನು. ಅಕ್ಕಾ ಅಂದಂಗ."

ಪಕ್ಕದ ರೂಮಿನಲ್ಲಿದ್ದವಳು ಆಕೆಗೆ ಪೂರ್ತಿ ತದ್ವಿರುದ್ಧ. ಅರವತ್ತು ದಾಟಿದ, ನ್ಯೂಜಿಲೆಂಡಿನವಳೇ ಆದ ಹೆಂಗಸು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಉಣ್ಣೆ ಕತ್ತರಿಸುವ ಗಂಡಸರ ತಂಡದ ಜೊತೆ ಊರೂರು ತಿರುಗಿ, ಅವರಿಗೆ ಅಡುಗೆ ಮಾಡಿ ಹಾಕುತ್ತಾ ಜೀವನವೆಲ್ಲ ಕಳೆದವಳು. ಎಲ್ಲಿ ಕುರಿಗಳ ಉಣ್ಣೆ ಕತ್ತರಿಸುತ್ತಾರೋ ಅಲ್ಲಿನ ಬಿಡಾರವೇ ಅವಳ ಮನೆ. ಸೊಂಟ ಕೈಕೊಟ್ಟು ಕೆಲಸ ಬಿಟ್ಟಾಗ, ತನ್ನದು ಎನ್ನುವ ಮನೆಯೇ ಇಲ್ಲವೆಂದು ಅವಳಿಗೆ ಹೊಳೆಯಿತಂತೆ. ಒಂದು ಚಳಿಗಾಲ ಪೂರ್ತಿ ತನ್ನ ಕಾರಿನಲ್ಲೇ ಮಲಗಿದ್ದು, ಕಾಯಿಲೆ ಬಿದ್ದು, ಆಸ್ಪತ್ರೆಯಿಂದ ನಮ್ಮಲ್ಲಿಗೆ ಬಂದಿದ್ದಳು. ಯಾರ ಜೊತೆಯೂ ಮಾತಿಲ್ಲ. ರೂಮಿನಲ್ಲಿ ಕೂತು ಡಬ್ಬಿಯ ಬೀನ್ಸನ್ನು ಬಿಸಿಯೂ ಮಾಡದೆ ತಿನ್ನುತ್ತಿದ್ದಳು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಒಬ್ಬಳಿಗೆ ಅಡುಗೆ ಮಾಡೋದು ಹೇಗೇಂತ ನನಗೆ ಗೊತ್ತಿಲ್ಲ" ಎಂದಿದ್ದಳು. ಆಪಾ ಅವಳನ್ನು ದೊಡ್ಡಾಕಿ ಎಂದು ಕರೆದಳು. ನಮ್ಮಿಬ್ಬರ ಮಾತಿನಲ್ಲಿ ಅವಳ ಹೆಸರು ಅದೇ ಆಗಿಹೋಯಿತು.

ಅವರಿಬ್ಬರನ್ನು ಜೊತೆ ಮಾಡಿದ್ದು ರೊಟ್ಟಿ. ನಾನೊಮ್ಮೆ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದುಕೊಟ್ಟೆ. ಆಪಾ ಖುಷಿಯಿಂದ ತಟಪಟ ಬಡಿದು ಹಂಚಿಗೆ ಹಾಕಿದಳು. ಕರೆಂಟಿನ ಒಲೆಯ ಕಾವು ಅವಳಿಗೆ ಇನ್ನೂ ಅಂದಾಜು ಸಿಕ್ಕಿರಲಿಲ್ಲ. ಹಿಟ್ಟು ಸೀದು ಅಡುಗೆಮನೆ ತುಂಬ ಹೊಗೆ. ಅಲಾರಂ ಕಿರುಚಿಕೊಂಡಿತು. ನಮ್ಮ ಮನೆಯ ಅಲಾರಂ ನೇರ ಅಗ್ನಿಶಾಮಕ ಠಾಣೆಗೆ ಜೋಡಿಸಿದ್ದು. ಆಪಾ ಕಿವಿ ಮುಚ್ಚಿಕೊಂಡು "ಯಾ ಅಲ್ಲಾ, ಇದನ್ನ ದೌಡ ಬಂದ್ ಮಾಡs ತಂಗಿ, ದೌಡ" ಎಂದು ಕೂಗುತ್ತಿದ್ದಳು. ನಾನು ಕುರ್ಚಿ ಹತ್ತಿದರೂ ಅಲಾರಂ ನನ್ನ ಕೈಗೆ ಎಟುಕುತ್ತಿರಲಿಲ್ಲ.

ಆಗ ದೊಡ್ಡಾಕಿಯ ಬಾಗಿಲು ತೆರೆಯಿತು. ನೈಟಿಯಲ್ಲೇ ಬಂದವಳು ನನ್ನನ್ನು ಪಕ್ಕಕ್ಕೆ ಸರಿಸಿ, ಟವೆಲ್ಲಿನಿಂದ ಅಲಾರಮ್ಮಿಗೆ ಗಾಳಿ ಹಾಕಿ, ಕಿಟಕಿ ತೆಗೆದು, ಒಲೆಯ ಗುಬುಟನ್ನು ತಿರುಗಿಸಿ, ಎರಡೇ ನಿಮಿಷದಲ್ಲಿ ಎಲ್ಲವನ್ನೂ ಹದಕ್ಕೆ ತಂದಳು. ಆಮೇಲೆ ಹಂಚಿನ ಮೇಲಿನ ರೊಟ್ಟಿಯನ್ನು ನೋಡಿದಳು. ಬಾಗಿ ಮೂಸಿದಳು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಇನ್ನೊಂದು ಮಾಡು. ಒಲೆ ನಾನು ನೋಡ್ಕೊತೀನಿ" ಎಂದಳು.

ಅಷ್ಟರಲ್ಲಿ ಕೆಂಪು ಲಾರಿ ಬಂದು ನಿಂತು, ಹೆಲ್ಮೆಟ್ ಹಾಕಿದ ನಾಲ್ವರು ಧಡಧಡ ಒಳಗೆ ಬಂದರು. ಬೆಂಕಿಯಿಲ್ಲ, ಏನೂ ಇಲ್ಲ. ಆಪಾ ಗಾಬರಿಯಾಗಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. "ಮನಿಗೆ ಬಂದಾರ. ಹಂಗs ಕಳಸೂದು ಹ್ಯಾಂಗ? ಕುಂದ್ರು ಅನ್ನು." ಕೂರಿಸಿದೆವು. ದೊಡ್ಡಾಕಿ ಕಾವು ನೋಡಿಕೊಂಡಳು, ಆಪಾ ಬಡಿದಳು, ಅಗ್ನಿಶಾಮಕದವರು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, ಕಣ್ಣು ಮೂಗಿನಲ್ಲಿ ನೀರು ಸುರಿಸಿಕೊಂಡು, ಥ್ಯಾಂಕ್ಯೂ ಹೇಳಿ ಹೋದರು. ಹಸಿದ ಗಂಡಸರು ತಿನ್ನುವುದನ್ನು ನೋಡುತ್ತಾ ದೊಡ್ಡಾಕಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳ ಮುಖದಲ್ಲಿ ಬಣ್ಣ ಬಂದಿತ್ತು.

ಆ ದಿನದಿಂದ ಡಬ್ಬಿಯ ಬೀನ್ಸ್ ಕಾಣಿಸಲಿಲ್ಲ. ಒಬ್ಬಳು ಕನ್ನಡ, ಇನ್ನೊಬ್ಬಳು ಇಂಗ್ಲಿಷ್, ಆದರೂ ಅಡುಗೆಮನೆಯಲ್ಲಿ ದಿನವಿಡೀ ಮಾತು. ಹಿತ್ತಲಿನ ಫೀಜೋವಾ ಹಣ್ಣು ಉದುರುವ ಕಾಲ ಬಂದಾಗ ಆಪಾ ಅದನ್ನು ಮೂಸಿ, "ಪೇರಲ ಹಣ್ಣಿನ ತಮ್ಮ ಇದ್ದಂಗ ಐತಿ" ಎಂದು ಖಾರ, ಬೆಲ್ಲ ಹಾಕಿ ಗೊಜ್ಜು ಮಾಡಿದಳು. ದೊಡ್ಡಾಕಿ ಅದೇ ಹಣ್ಣಿನಿಂದ ಕ್ರಂಬಲ್ ಎಂಬ ಸಿಹಿ ತಿಂಡಿ ಮಾಡಿದಳು. ಬೇಕನ್ ವಿಷಯದಲ್ಲಿ ಮಾತ್ರ ಒಂದು ದಿನ ಇಕ್ಕಟ್ಟಾಯಿತು. ಹಂದಿ ಮಾಂಸ ಕರಿದ ಬಾಣಲೆಯನ್ನು ಆಪಾ ಮುಟ್ಟುವವಳಲ್ಲ. ನಾನು ಹೇಗೆ ಬಿಡಿಸಿ ಹೇಳಲಿ ಎಂದು ಯೋಚಿಸುತ್ತಿರುವಾಗಲೇ ದೊಡ್ಡಾಕಿ ಬಾಣಲೆಯನ್ನು ಕಸದ ಡಬ್ಬಿಗೆ ಹಾಕಿ, "ಬೇಕನ್ ತಿನ್ನಬೇಕು ಅನ್ನಿಸಿದ್ರೆ ಕೆಫೆಯಿಂದ ತಂದು ಕಾರಲ್ಲಿ ಕೂತು ತಿಂತೀನಿ. ಆ ಕಾರು ಅದಕ್ಕಿಂತ ಕೆಟ್ಟದ್ದನ್ನ ನೋಡಿದೆ" ಎಂದಳು.

ನಾನು ಇಂಗ್ಲಿಷ್ ಕಲಿಸಬೇಕಿದ್ದದ್ದು ಪುಸ್ತಕ ಇಟ್ಟುಕೊಂಡು. ಆಪಾ ಕಲಿತದ್ದು ದೊಡ್ಡಾಕಿಯಿಂದ. ಉಣ್ಣೆ ಕತ್ತರಿಸುವವರ ಇಂಗ್ಲಿಷ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ತಿಂಗಳ ಮೀಟಿಂಗಿನಲ್ಲಿ ಮ್ಯಾನೇಜರ್ ಪ್ರೀತಿಯಿಂದ "ಹೌ ಆರ್ ಯು ಟುಡೇ?" ಎಂದಾಗ, ಆಪಾ ಸೆರಗು ಸರಿಮಾಡಿಕೊಂಡು, ಬಹಳ ವಿನಯದಿಂದ, "ಬ್ಲಡಿ ಬ್ಯೂಟಿಫುಲ್, ಮೇಟ್" ಎಂದಳು. ಮ್ಯಾನೇಜರ್ ಕೈಯಲ್ಲಿದ್ದ ಟೀ ತುಳುಕಿತು. ದೊಡ್ಡಾಕಿ ಕಿಟಕಿಯ ಕಡೆ ತಿರುಗಿ ಭುಜ ಕುಣಿಸುತ್ತಾ ನಕ್ಕಳು.

ಹೀಗೆ ತಿಂಗಳುಗಳು ಕಳೆದವು. ಆಪಾ ಒಬ್ಬಳೇ ಬಸ್ಸು ಹತ್ತಿದಳು, ಕಾರ್ಡು ಉಜ್ಜಿ ಸಾಮಾನು ತಂದಳು, ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸವನ್ನೂ ಹಿಡಿದಳು. ಅಂದರೆ ಮನೆ ಬಿಡುವ ಹೊತ್ತು ಬಂದಿತ್ತು. ಮ್ಯಾನೇಜರ್ ಸಂತೋಷದಿಂದ ಇಬ್ಬರನ್ನೂ ಕೂರಿಸಿಕೊಂಡು, ಇಬ್ಬರಿಗೂ ಒಂದೊಂದು ಪುಟ್ಟ ಮನೆ ಸಿಕ್ಕಿದೆ ಎಂದಳು. ಆಪಾಗೆ ಮೌಂಟ್ ರಾಸ್ಕಿಲ್ಲಿನಲ್ಲಿ, ದೊಡ್ಡಾಕಿಗೆ ದೂರದ ಹೆಂಡರ್ಸನ್ನಿನಲ್ಲಿ. "ನಿಮ್ಮದೇ ಬಾಗಿಲು, ನಿಮ್ಮದೇ ಕೀ. ಇಂಡಿಪೆಂಡೆಂಟ್!"

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಆಪಾ ಬೆರಳಿನ ಉಂಗುರ ತಿರುಗಿಸತೊಡಗಿದಳು. ದೊಡ್ಡಾಕಿ ಎದ್ದು ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲಿನ ಹಾಗೇ.

"ಯಾಕೆ ಆಪಾ, ಖುಷಿಯಾಗ್ಲಿಲ್ವಾ?"

"ಆಕಿಗೆ ಒಬ್ಬಾಕಿಗೇ ಅಡಗಿ ಮಾಡಾಕ ಬರೂದಿಲ್ಲ. ನನಗ ಒಬ್ಬಾಕಿನೇ ಕುಂತು ಉಣ್ಣಾಕ ಬರೂದಿಲ್ಲ" ಎಂದಳು ಆಪಾ. ಆಮೇಲೆ ಮ್ಯಾನೇಜರ್ ಕಡೆ ನೇರವಾಗಿ ನೋಡುತ್ತಾ, "ಕೇಳು ತಂಗಿ, ಆಕಿನ್ನ. ತನ್ನ ಕಾಲ ಮ್ಯಾಲೆ ನಿಂದ್ರೂದು ಅಂದ್ರ ಒಬ್ಬಾಕಿನೇ ನಿಂದ್ರೂದು ಅಂತ ಯಾರು ಹೇಳ್ಯಾರ? ನಮ್ಮಿಬ್ಬರದೂ ಸೇರಿ ನಾಕ ಕಾಲ ಆದ್ವಲ್ಲ."

ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಮಾಡಿದೆ. ಮ್ಯಾನೇಜರ್ ಮುಂದಿದ್ದ ಕಾಗದಗಳನ್ನು ಮಡಿಚಿಟ್ಟಳು. ಆಮೇಲೆ, "ಇಬ್ಬರಿಗಾಗುವ ಮನೆ ನಮ್ಮ ಹತ್ತಿರ ಇಲ್ಲ. ನೀವೇ ಹುಡುಕಿಕೊಂಡರೆ ನಾನು ಬೆಂಬಲಕ್ಕೆ ನಿಲ್ಲುತ್ತೇನೆ. ಅಲ್ಲಿಯವರೆಗೆ ಇಲ್ಲೇ ಇರಿ" ಎಂದಳು. ಆಪಾ ಎದ್ದು ಹೋಗಿ ಆ ಮುಚ್ಚಿದ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದಳು. "ಏ ಮೇಟ್! ಕಮ್! ಹೌಸ್!"

ಮನೆ ಹುಡುಕುವ ಕೆಲಸಕ್ಕೆ ದೊಡ್ಡಾಕಿಯ ಕಾರೇ ಬಂತು. ಹಿಂದಿನ ಸೀಟಿನಲ್ಲಿ ನಾನು. ಮನೆಗಳು ಸುಲಭವಾಗಿ ಸಿಗಲಿಲ್ಲ. ಫೋನಿನಲ್ಲಿ ಖಾಲಿ ಇದೆ ಎಂದವರು ಇವರಿಬ್ಬರು ಬಾಗಿಲಲ್ಲಿ ನಿಂತದ್ದನ್ನು ನೋಡಿ ಆಗಲೇ ಹೋಯಿತು ಎನ್ನುತ್ತಿದ್ದರು. ಒಬ್ಬ ಏಜೆಂಟ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ನೀವು ಸಂಬಂಧಿಕರಾ?" ಎಂದು ಕೇಳಿದ. "ಹೌದು, ಅಕ್ಕ ತಂಗಿ" ಎಂದಳು ದೊಡ್ಡಾಕಿ, ಮುಖದ ಒಂದು ಗೆರೆಯನ್ನೂ ಅಲುಗಿಸದೆ. ಆ ಮನೆಯೂ ಸಿಗಲಿಲ್ಲ. ಆದರೆ ವಾಪಸು ಬರುವಾಗ ಮೂವರೂ ನಕ್ಕು ನಕ್ಕು ದೊಡ್ಡಾಕಿ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಕೊನೆಗೆ ಸಿಕ್ಕಿದ್ದು ಆವಂಡೇಲಿನಲ್ಲಿ. ಮುಂದಿನ ಭಾಗದಲ್ಲಿ ವಯಸ್ಸಾದ ವಿಧವೆ ಮಾಲಕಿ, ಹಿಂದಿನ ಭಾಗದಲ್ಲಿ ಎರಡು ರೂಮು, ಪುಟ್ಟ ಅಂಗಳ. ಮಾಲಕಿ ನಿಷ್ಠುರದ ಹೆಂಗಸು. ಎಲ್ಲ ವಿಚಾರಿಸಿದ ಮೇಲೆ, "ನಿನಗೆ ಅವಳ ಭಾಷೆ ಬರಲ್ಲ, ಅವಳಿಗೆ ನಿನ್ನದು ಬರಲ್ಲ. ಜಗಳ ಆದರೆ ಏನು ಮಾಡ್ತೀರಿ?" ಎಂದಳು.

"ಅವಳು ಬೈತಾಳೆ, ನಾನು ಕೇಳ್ತೀನಿ. ಅರ್ಥ ಆಗಲ್ಲವಲ್ಲ, ಅಷ್ಟಕ್ಕೇ ಮುಗಿಯುತ್ತೆ" ಎಂದಳು ದೊಡ್ಡಾಕಿ.

ಮಾಲಕಿ ನಗು ತಡೆಯಲು ನೋಡಿದಳು, ಆಗಲಿಲ್ಲ. ತನ್ನ ಗಂಡನ ಜೊತೆಯೂ ಹಾಗೇ ಇತ್ತು ಎಂದಳು. ನಮ್ಮ ಮ್ಯಾನೇಜರ್ ಆ ಸಂಜೆಯೇ ಫೋನ್ ಮಾಡಿ ಇಬ್ಬರ ಪರವಾಗಿ ಮಾತಾಡಿದಳು. ಮನೆ ಆಯಿತು.

ಮನೆ ಬದಲಾಯಿಸಿದ ದಿನ ಸಾಮಾನು ಎಂದರೆ ಕಾರಿನ ಡಿಕ್ಕಿ ತುಂಬುವಷ್ಟು. ಆಪಾ ಹೊಸ ಬಾಗಿಲಿನ ಕೀಲಿಯನ್ನು ತಾನೇ ತಿರುಗಿಸಬೇಕೆಂದಳು. ಒಮ್ಮೆ ತೆಗೆದಳು, ಒಳಗೆ ಹೋಗಲಿಲ್ಲ. ಮತ್ತೆ ಹಾಕಿ, ಮತ್ತೆ ತೆಗೆದಳು. "ಮೊದಲು ಅಪ್ಪನ ಮನಿ, ಆಮ್ಯಾಲೆ ಗಂಡನ ಮನಿ. ನನ್ನ ಕೈಯಾಗ ಮನಿ ಕೀಲಿ ಬಂದದ್ದು ಇದೇ ಪೈಲೇ ಸಲ, ತಂಗಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. ದೊಡ್ಡಾಕಿ ಹಿಂದೆ ಹಾಸಿಗೆ ಹೊತ್ತು ನಿಂತವಳು, "ಬಾಗಿಲ ಜೊತೆ ಆಟ ಆಮೇಲೆ ಆಡು, ನನ್ನ ಸೊಂಟ ಬಿದ್ದುಹೋಗ್ತಿದೆ" ಎಂದು ಕೂಗಿದಳು.

ನಾನು ಅಲ್ಲಿಗೆ ಆಗಾಗ ಹೋಗುತ್ತಿದ್ದೆ, ಕೆಲಸದ ಲೆಕ್ಕದಲ್ಲಲ್ಲ. ಮಗಳನ್ನೂ ಕರೆದೊಯ್ಯುತ್ತಿದ್ದೆ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಆಪಾ ಹತ್ತಿರ "ಹೌದ್ರಿ, ಸಾಕ್ರಿ" ಎನ್ನಲು ಶುರುಮಾಡಿದಳು. ಮೈಸೂರಿನ ನನ್ನ ಅಮ್ಮ ಫೋನಿನಲ್ಲಿ ಅದನ್ನು ಕೇಳಿ, "ಇವಳನ್ನ ಎಲ್ಲಿ ಓದಿಸ್ತಿದ್ದೀಯೇ ನೀನು?" ಎಂದು ಕೇಳಿದರು. ಸಂಜೆ ಆಪಾ ನಮಾಜಿಗೆ ಕೂತರೆ ದೊಡ್ಡಾಕಿ ಟಿವಿಯ ಸದ್ದು ಅಡಗಿಸಿ, ರಗ್ಬಿ ಆಟವನ್ನು ಬರೀ ಕಣ್ಣಲ್ಲಿ ನೋಡುತ್ತಿದ್ದಳು. ನಮಾಜು ಮುಗಿಸಿದ ಆಪಾ ಬಂದು ಮೊದಲು ಕೇಳುತ್ತಿದ್ದದ್ದು ಯಾರು ಗೆದ್ದರು ಎಂದು.

ಮರುವರ್ಷದ ಬೇಸಿಗೆಯಲ್ಲಿ ದೊಡ್ಡಾಕಿಯ ಹಳೆಯ ತಂಡದಿಂದ ಕರೆ ಬಂತು. ಅಡುಗೆಯವನಿಗೆ ಹುಷಾರಿಲ್ಲ, ಒಂದು ವಾರ ಬಂದು ಕೈಜೋಡಿಸು ಎಂದು. ಸೊಂಟದ ಭಯದಿಂದ ಅವಳು ಹಿಂದೆಮುಂದೆ ನೋಡಿದಳು. ಆಪಾ ವೃದ್ಧಾಶ್ರಮದಲ್ಲಿ ರಜೆ ಹಾಕಿ, ಚೀಲ ತುಂಬಿಕೊಂಡು ಕಾರಿನಲ್ಲಿ ಹೋಗಿ ಕೂತಳಂತೆ. ನಾನು ಎರಡು ದಿನ ಸುದ್ದಿಯಿಲ್ಲದೆ ಚಡಪಡಿಸಿದೆ. ಮೂರನೇ ದಿನ ಫೋನ್ ಬಂತು. ಹಿಂದೆ ನೂರಾರು ಕುರಿಗಳ ಅರಚಾಟ, ಗಂಡಸರ ನಗು, ತಟ್ಟೆಗಳ ಸದ್ದು.

"ತಂಗಿ, ಏನ್ ಕುರಿ ಅಂತೀ! ಗುಡ್ಡಾನs ಎದ್ದು ನಡದಂಗ ಕಾಣ್ತೈತಿ" ಎಂದು ಆಪಾ ಕೂಗಿದಳು. "ಮಾಂಸ ಎಲ್ಲಾ ಆಕಿನs ಮಾಡ್ತಾಳ, ಹಲಾಲ್ ಅಲ್ಲ, ನಾ ಮುಟ್ಟಂಗಿಲ್ಲ. ರೊಟ್ಟಿ, ಕಾಳಪಲ್ಯ ನಂದು. ಈ ಗಂಡಸೂರು ತಿನ್ನೂದು ನೋಡಿದ್ರ ನಿನ್ನ ಜೀವಾನs ತಂಪಾಗ್ತೈತಿ."

"ಆಪಾ, ಅವಳ ಸೊಂಟ ಹೇಗಿದೆ?"

"ಸೊಂಟಕ್ಕ ಏನಾಗೇತಿ? ಹುಲಿ ಆಗ್ಯಾಳ! ಎಲ್ಲಾರ್ನೂ ಬೈಕೋತ ಅಡ್ಡಾಡಾಕತ್ಯಾಳ. ತಡಿ ತಡಿ, ಒಲಿ ಮ್ಯಾಲೆ ರೊಟ್ಟಿ ಐತಿ, ಆಕಿ ಕರಿಯಾಕತ್ಯಾಳ."

ಫೋನ್ ಇಡುವ ಮೊದಲು ದೂರದಿಂದ ದೊಡ್ಡಾಕಿಯ ದಪ್ಪ ದನಿ ಕೇಳಿತು, ಆಪಾ ಹತ್ತಿರ ಕಲಿತ ಕನ್ನಡದಲ್ಲಿ, "ಏ ಆಪಾ, ದೌಡ! ದೌಡ!"