ಮಡಚದ ಮೊಣಕಾಲಿನ ಮೇಲ್ಮನವಿ

ಸೈನ್ಯದಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದ ಮೇಲೆ, ಎಪ್ಪತ್ತರ ದಶಕದಲ್ಲಿ, ಬಳ್ಳಾರಿಯ ಮಾಜಿ ಸೈನಿಕರ ಕಚೇರಿಗೆ ಸೇರಿದೆ. ಕೆಲಸ ಅದೇ, ಸಮವಸ್ತ್ರ ಮಾತ್ರ ಇರಲಿಲ್ಲ. ಬಂದವರು ಸಾಲಾಗಿ ನಿಲ್ಲಬೇಕು, ಕರೆದಾಗ ಒಳಗೆ ಬರಬೇಕು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಸಿಪಾಯಿಗಳಿಗೆ ಇದನ್ನು ಹೇಳಬೇಕಾಗಿರಲಿಲ್ಲ. ಅವರ ಹೆಂಡಂದಿರಿಗೆ ಹೇಳಿ ಪ್ರಯೋಜನವಿರಲಿಲ್ಲ.

ಕುರುಗೋಡು ಕಡೆಯ ಬಾದನಹಟ್ಟಿಯ ಒಬ್ಬ ಮಾಜಿ ಸಿಪಾಯಿ ಹೆಂಡತಿಯೊಡನೆ ಬಂದ. ಉತ್ತರದ ಬೆಟ್ಟಗಳಲ್ಲಿ ಹೊರೆ ಹೊತ್ತು ಹಿಮದ ಮೇಲೆ ಜಾರಿ ಬಿದ್ದು ಅವನ ಎಡ ಮೊಣಕಾಲು ಕೆಟ್ಟಿತ್ತು. ಅಂಗವೈಕಲ್ಯದ ಪಿಂಚಣಿ ಕೇಳಿದ್ದ, ಸಿಕ್ಕಿರಲಿಲ್ಲ. ಸೈನ್ಯದಿಂದ ಬಿಡುಗಡೆಯಾಗುವಾಗ ಡಾಕ್ಟರು ಏನಾದರೂ ತೊಂದರೆ ಇದೆಯೇ ಎಂದು ಕೇಳಿದ್ದರಂತೆ. ಏನೂ ಇಲ್ಲ ಎಂದಿದ್ದನಂತೆ. ನನಗೆ ಆಶ್ಚರ್ಯವಾಗಲಿಲ್ಲ. ಅಧಿಕಾರಿ ಹೇಗಿದ್ದೀಯ ಎಂದು ಕೇಳಿದರೆ ಸಿಪಾಯಿಗೆ ಗೊತ್ತಿರುವುದು ಒಂದೇ ಉತ್ತರ, "ಠೀಕ್ ಹೈ ಸಾಬ್." ಜ್ವರ ಬಂದವನೂ ಅದನ್ನೇ ಹೇಳುತ್ತಾನೆ, ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡವನೂ ಅದನ್ನೇ ಹೇಳುತ್ತಾನೆ, ಕೊಂಚ ತೊದಲುತ್ತಾನೆ ಅಷ್ಟೆ.

ಪಿಂಚಣಿಗಿಂತ ದೊಡ್ಡ ತೊಂದರೆ ಊರಲ್ಲಿತ್ತು. ಅವನ ಅಣ್ಣ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ಎಲ್ಲರೂ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. ಇವನು ಮಾತ್ರ ಎಲೆಯನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತೇ ಉಂಡ. ತಮ್ಮನಿಗೆ ಮಿಲಿಟರಿ ಗತ್ತು ತಲೆಗೇರಿದೆ, ನಮ್ಮ ಜೊತೆ ನೆಲದ ಮೇಲೆ ಕೂರಲು ನಾಚಿಕೆ ಎಂದು ಅಣ್ಣ ಅಂದೇ ಇವನೊಡನೆ ಮಾತು ಬಿಟ್ಟರು. ಈಗ ಅಣ್ಣನ ಮಗಳ ಮದುವೆ ಗೊತ್ತಾಗಿತ್ತು. ಇವರಿಗೆ ಕರೆಯಿರಲಿಲ್ಲ. ಇದನ್ನೆಲ್ಲ ಹೇಳಿದವಳು ಹೆಂಡತಿ. ಸಿರುಗುಪ್ಪದ ಕಡೆಯ ಹೆಣ್ಣುಮಗಳು, ಬಾಯಿ ಜೋರು. ಕಾಲು ನೋವೆಂದು ಅಣ್ಣನಿಗೆ ಹೇಳಿಬಿಡಬಹುದಿತ್ತಲ್ಲ ಎಂದು ನಾನು ಕೇಳಿದರೆ ಸಿಪಾಯಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡತೊಡಗಿದ.

"ಅಣ್ಣನ ಮುಂದ ನೋವು ಅಂದ್ರ ಮರ್ಯಾದಿ ಹೋಗತೈತಂತ್ರಿ, ಸಾಹೇಬ್ರ," ಎಂದಳು. "ಅಣ್ಣ ತಮ್ಮ ಮುಖ ನೋಡದಂಗ ಆಗ್ಯಾರ, ಅದರಾಗ ಏನೂ ಹೋಗಿಲ್ಲಂತ."

ಅವಳ ಲೆಕ್ಕಾಚಾರ ಸರಳವಾಗಿತ್ತು. ಗಂಡ ಬಾಯಿ ಬಿಡುವುದಿಲ್ಲ. ಕಾಲು ಮಡಚುವುದಿಲ್ಲವೆಂದು ಸರ್ಕಾರವೇ ಹೇಳಿದರೆ ಭಾವನವರು ನಂಬಲೇಬೇಕು.

ಮೇಲ್ಮನವಿ ಬರೆದೆ. ಅದನ್ನು ತೀರ್ಮಾನಿಸುವವರು ದಿಲ್ಲಿಯಲ್ಲಿರುತ್ತಾರೆ. ಅವರಿಗೆ ಬೇಕಾದದ್ದು ಎರಡೇ ಪ್ರಶ್ನೆಗೆ ಉತ್ತರ: ಕಾಲು ನಿಜವಾಗಿ ಕೆಟ್ಟಿದೆಯೇ? ಕೆಡಿಸಿದ್ದು ಸೈನ್ಯದ ಕೆಲಸವೇ? ಅವರು ಕಾಲನ್ನು ನೋಡುವುದಿಲ್ಲ, ಮಿಲಿಟರಿ ಡಾಕ್ಟರುಗಳ ಮಂಡಳಿಯೊಂದು ನೋಡಿ ಅಭಿಪ್ರಾಯ ಕಳಿಸುತ್ತದೆ. ಆ ಸಲ ಮಂಡಳಿ ಬಳ್ಳಾರಿಗೇ ಬಂದು ಪ್ರವಾಸಿ ಬಂಗಲೆಯಲ್ಲಿ ಕೂರುವುದೆಂದು ಗೊತ್ತಾಯಿತು.

ನಾನು ಸಿಪಾಯಿಗೆ ತಾಲೀಮು ಕೊಟ್ಟೆ. ಕಚೇರಿಯಲ್ಲಿ ನಾನೇ ಡಾಕ್ಟರಾಗಿ ಕುಳಿತು ಏನು ತೊಂದರೆ ಎಂದು ಕೇಳುತ್ತಿದ್ದೆ. ಅವನು ಒಂದು ಅಕ್ಷರ ತಪ್ಪದೆ ಮೊಣಕಾಲಿನ ಕಥೆ ಒಪ್ಪಿಸುತ್ತಿದ್ದ. ತಯಾರಿ ಪರಿಪೂರ್ಣವೆಂದು ನನ್ನ ನಂಬಿಕೆ. ನಾನು ಬರೀ ಗುಮಾಸ್ತ, ಅದಕ್ಕೇ ಅವನ ಬಾಯಿಂದ ಸತ್ಯ ಬರುತ್ತಿದೆ ಎನ್ನುವುದು ನನಗೆ ಹೊಳೆಯಲಿಲ್ಲ.

ಬಂಗಲೆಯಲ್ಲಿ ಮೇಜಿನ ಹಿಂದೆ ಒಬ್ಬ ಕರ್ನಲ್, ಅಕ್ಕಪಕ್ಕ ಇಬ್ಬರು ಕಿರಿಯ ಡಾಕ್ಟರುಗಳು. ದುಭಾಷಿಯಾಗಿ ನಾನು ನಿಂತಿದ್ದೆ. ಸಿಪಾಯಿ ಕರ್ನಲ್ಲರ ಭುಜದ ಪಟ್ಟಿ ನೋಡಿದ. ಎದೆ ಮುಂದೆ ಬಂತು, ಹಿಮ್ಮಡಿಗಳು ಟಪ್ಪೆಂದು ಕೂಡಿದವು. ಏನು ತೊಂದರೆ ಎಂದು ಅವರು ಕೇಳಿದರು.

"ಕೋಯೀ ತಕ್ಲೀಫ್ ನಹೀ, ಸಾಬ್."

ಏನೂ ತೊಂದರೆಯಿಲ್ಲವೆಂದ ಮೇಲೆ ಮಂಡಳಿಗೆ ಕೆಲಸವೇನು? ಕರ್ನಲ್ ನನ್ನ ಕಡೆ ನೋಡಿದರು. ಇನ್ನೊಮ್ಮೆ ಕೇಳಬೇಕೆಂದು ಬಿನ್ನವಿಸಿಕೊಂಡೆ. ಇನ್ನೊಮ್ಮೆ ಕೇಳಿದರು. ಸಿಪಾಯಿ ಇನ್ನಷ್ಟು ಜೋರಾಗಿ ಅದನ್ನೇ ಹೇಳಿದ. ಕರ್ನಲ್ ಪೆನ್ನಿನ ಮುಚ್ಚಳ ಹಾಕುವುದರಲ್ಲಿದ್ದರು. ಅಷ್ಟರಲ್ಲಿ ವರಾಂಡದಲ್ಲಿ ಕೂರಲು ಹೇಳಿದ್ದ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು.

"ಹಂಗ ಕೇಳಿದ್ರ ಹೇಳಂಗಿಲ್ರಿ ಅವರು. ಕೆಳಗ ಕುಂದ್ರಂತ ಆರ್ಡರ್ ಕೊಡ್ರಿ."

ಸಿಪಾಯಿಯ ಹೆಂಡತಿ ಕರ್ನಲ್ಲರಿಗೆ ಆದೇಶ ಸೂಚಿಸುವುದಕ್ಕೆ ಯಾವ ನಿಯಮದಲ್ಲೂ ಅವಕಾಶವಿಲ್ಲ. ಒಂದು ಸಲಹೆ ಬಂದಿದೆಯೆಂದು, ಯಾರಿಂದ ಎನ್ನದೆ, ಅನುವಾದಿಸಿದೆ. ಕರ್ನಲ್ಲರ ಮೀಸೆ ಅಲುಗಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವಂತೆ ಆಜ್ಞೆ ಮಾಡಿದರು.

ಆಜ್ಞೆಯೆಂದರೆ ಆಜ್ಞೆ. ಸಿಪಾಯಿ ಕೆಳಗಿಳಿದ. ಬಲಗಾಲು ಮಡಚಿತು. ಎಡಗಾಲು ಬಂದೂಕಿನ ನಳಿಗೆಯ ಹಾಗೆ ನೆಟ್ಟಗೆ ಮೇಜಿನ ಕೆಳಗೆ ಹೋಗಿ ಕರ್ನಲ್ಲರ ಬೂಟಿಗೆ ತಾಗಿತು. ಹಣೆಯಿಂದ ಬೆವರು ಇಳಿಯಿತು. ಏಳು ಎಂದರು. ಎರಡೂ ಕೈ ಊರಿ ಹೆಣಗಿದ, ಏಳಲಾಗಲಿಲ್ಲ.

"ಠೀಕ್ ಹೈ, ಸಾಬ್," ಎಂದ, ನೆಲದಿಂದಲೇ.

ಒಬ್ಬ ಕಿರಿಯ ಡಾಕ್ಟರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಮತ್ತೊಬ್ಬರೂ ನಾನೂ ಸೇರಿ ಅವನನ್ನು ಎತ್ತಿದೆವು. ಕರ್ನಲ್ ನಗಲಿಲ್ಲ. ಎದ್ದು ಬಂದು ಮೊಣಕಾಲನ್ನು ತಾವೇ ಒತ್ತಿ, ಬಗ್ಗಿಸಲು ನೋಡಿ, ಬಹಳ ಹೊತ್ತು ಪರೀಕ್ಷಿಸಿದರು. ಮೊದಲ ಪ್ರಶ್ನೆ ಹೀಗೆ ತೀರಿತು.

ಎರಡನೆಯದಕ್ಕೆ ಸಾಕ್ಷಿಯಿರಲಿಲ್ಲ. ಬಿದ್ದ ದಿನ ಹವಾಲ್ದಾರನಿಗೂ ಇವನು ಏನೂ ಆಗಿಲ್ಲವೆಂದೇ ಹೇಳಿದ್ದ. ಕರ್ನಲ್ ಸ್ವಲ್ಪ ಯೋಚಿಸಿ ನನಗೆ ವಿವರಿಸಿದರು: ಸೈನ್ಯ ಇವನನ್ನು ಪರೀಕ್ಷಿಸಿಯೇ ತೆಗೆದುಕೊಂಡದ್ದು, ಆಗ ಕಾಲು ಸರಿಯಿತ್ತು, ಬಿಟ್ಟಾಗ ಸರಿಯಿರಲಿಲ್ಲ, ಆಗ ಏನೂ ಇಲ್ಲವೆಂದದ್ದು ಎಂಥ ಮಾತೆಂದು ಈಗ ಕಂಡೆವಲ್ಲ, ನಡುವೆ ಇದ್ದದ್ದು ನಮ್ಮ ಬಳಿಯೇ. ಇನ್ನೂ ಸಂಶಯ ಉಳಿದರೆ ಅದರ ಲಾಭ ಸಿಪಾಯಿಗೆ ಹೋಗಬೇಕು. ನಿಯಮವೂ ಹಾಗೆಯೇ ಇತ್ತು.

ದಿಲ್ಲಿಯಿಂದ ಪಿಂಚಣಿ ಮಂಜೂರಿನ ಆದೇಶ ಬಂದಾಗ ಮದುವೆ ಹತ್ತಿರವಾಗಿತ್ತು. ಹೆಂಡತಿ ಅದನ್ನು ನೇರವಾಗಿ ಭಾವನವರ ಮನೆಗೆ ಒಯ್ದಳು. ಅವರಿಗೆ ಇಂಗ್ಲಿಷ್ ಬಾರದು, ಅವಳ ಮೇಲೆ ನಂಬಿಕೆಯೂ ಇಲ್ಲ. ಮರುದಿನ ಮೂವರೂ ನನ್ನೆದುರು ನಿಂತಿದ್ದರು. ಅಣ್ಣ ಎತ್ತರದ ಆಳು, ರುಮಾಲು ಸುತ್ತಿದ್ದರು, ತಮ್ಮನತ್ತ ತಿರುಗಿಯೂ ನೋಡಲಿಲ್ಲ. ನಾನು ಆದೇಶವನ್ನು ಕನ್ನಡದಲ್ಲಿ ಓದಿದೆ: ಎಡ ಮೊಣಕಾಲು ಮಡಚುವುದಿಲ್ಲ, ನೆಲದ ಮೇಲೆ ಕೂರುವುದು ಸಾಧ್ಯವಿಲ್ಲ, ಇದಕ್ಕೆ ಸೈನ್ಯದ ಸೇವೆಯೇ ಕಾರಣ.

ಅಣ್ಣ ಎರಡನೇ ಸಲ ಓದಿಸಿದರು. ಆಮೇಲೆ ತಮ್ಮನ ಕಾಲನ್ನೇ ನೋಡುತ್ತ ನಿಂತರು.

"ನಮ್ಮ ಮನ್ಯಾಗ ನಿಂತು ಉಂಡಿದ್ದು ಇದಕ್ಕೇನಲೇ?"

ಸಿಪಾಯಿ ಹೌದೆಂದು ತಲೆಯಾಡಿಸಿದ.

"ದಿಲ್ಲಿಯವರಿಗೆ ಹೇಳಾಕ ಬಾಯಿ ಬಂತು, ನನಗ ಹೇಳಾಕ ಬರಲಿಲ್ಲ."

"ದಿಲ್ಲಿಯವರಿಗೂ ಹೇಳಿಲ್ರಿ ಭಾವ್ನೋರ," ಎಂದಳು ಹೆಂಡತಿ. "ಅವರೇ ಕಂಡುಹಿಡದಾರ."

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ದನಿ ಇಳಿಸಿ ಕೇಳಿದರು.

"ಈಗೂ ನೋಯತೈತೇನು?"

ಸಿಪಾಯಿ ನನ್ನತ್ತ ನೋಡಿದ, ಹೆಂಡತಿಯತ್ತ ನೋಡಿದ. ಹಿಮ್ಮಡಿಗಳು ಕೂಡಲಿಲ್ಲ.

"ಹೂಂ ಅಣ್ಣ," ಎಂದ. "ಭಾಳ ನೋಯತೈತಿ."

ನನ್ನ ಕಚೇರಿಯಲ್ಲಿ ಯಾರಿಗೆ ಕುರ್ಚಿ ಕೊಡಬೇಕೆಂದು ತೀರ್ಮಾನಿಸುವವನು ನಾನು. ಅಣ್ಣ ನನ್ನನ್ನು ಕೇಳಲಿಲ್ಲ. ಗೋಡೆ ಬದಿಯಿದ್ದ ಕುರ್ಚಿಯನ್ನು ಎಳೆದು ತಮ್ಮನ ಹಿಂದೆ ಇಟ್ಟು, ಭುಜ ಹಿಡಿದು ಕೂರಿಸಿ, ಮದುವೆಗೆ ಯಾರು ಯಾರನ್ನು ಕರೆಯಬೇಕೆಂದು ಅಲ್ಲಿಯೇ ಮಾತಿಗೆ ತೊಡಗಿದರು. ಹೊರಗೆ ಸಾಲು ಬೆಳೆಯುತ್ತಿತ್ತು.