ಎಂ.ಎಡ್. ತರಗತಿಗೆ ಬಾರದವರು

ಎಂ.ಎಡ್. ತರಗತಿಯ ಮೊದಲ ದಿನ ಪಕ್ಕದಲ್ಲಿ ಕುಳಿತ ಹುಡುಗಿ ನನ್ನ ಹೆಸರು ಕೇಳಲಿಲ್ಲ, ‘ಯಾವ ಲೈನ್?’ ಎಂದು ಕೇಳಿದಳು. ಲೈನ್ ಎಂದರೆ ಇಲ್ಲಿ ಲೋಕಲ್ ರೈಲಿನ ಮಾರ್ಗ. ‘ಹಾರ್ಬರ್, ವಡಾಲ’ ಎಂದೆ. ಧಾರವಾಡದಲ್ಲಿ ಅಡ್ಡಹೆಸರು ಕೇಳಿ ಜಾತಿ ತಿಳಿದುಕೊಳ್ಳುತ್ತಾರೆ. ಮುಂಬಯಿಯಲ್ಲಿ ಸ್ಟೇಷನ್ ಕೇಳಿ ಅಂತಸ್ತು ತಿಳಿದುಕೊಳ್ಳುತ್ತಾರೆ. ಎರಡೂ ಅನ್ಯಾಯವೇ.

ಧಾರವಾಡದ ಬಿ.ಎಡ್. ತರಗತಿಯಲ್ಲಿ ನಾವು ಹೆಂಗಸರೆಲ್ಲ ಒಂದೇ ಬೆಂಚಿನಲ್ಲಿ ಹಿಡಿಸುತ್ತಿದ್ದೆವು. ಇಲ್ಲಿ ಗಂಡಸರೇ ಒಂದು ಮೂಲೆಯಲ್ಲಿದ್ದರು. ಇದು ಪ್ರಗತಿಯೆಂದು ಹಿಗ್ಗಿದೆ. ಬರಬರುತ್ತ ಕಾರಣ ತಿಳಿಯಿತು: ಶಿಕ್ಷಕರ ಸಂಬಳದಲ್ಲಿ ಸಂಸಾರ ನಡೆಯದೆಂದು ಗಂಡಸರು ಈ ಕಡೆ ಸುಳಿಯುವುದಿಲ್ಲ, ಗಂಡನ ಗಳಿಕೆಯಿರುವ ದಾದರ್, ಮಾಟುಂಗಾದ ಗೃಹಿಣಿಯರಿಗೆ ಇದು ಮರ್ಯಾದೆಯ ಕೆಲಸ. ಗಿರಣಿ ಕಾರ್ಮಿಕರ, ಹೋಟೆಲ್ ಮಾಣಿಗಳ, ಕಟ್ಟಡ ಕಟ್ಟುವವರ ಮಕ್ಕಳೆಲ್ಲಿ? ಸೆಮಿನಾರಿಗೆ ಈ ವಿಷಯವನ್ನೇ ಆರಿಸಿಕೊಂಡೆ.

ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಅದನ್ನು ಸಹಪಾಠಿ ಶಾಂತವ್ವನಿಗೆ ತಿಳಿಸಿದೆ. ವಿಜಾಪುರದ ಕಡೆಯವಳು, ತಂದೆ ಕಟ್ಟಡದ ಕೂಲಿ, ಮನೆ ಕುರ್ಲಾದ ಚಾಳಿನ ಒಂದು ಕೋಣೆ. ತರಗತಿಯಲ್ಲಿ ಮಾತ್ರ ತಾನು ಮಾಟುಂಗಾದವಳೆಂದು ಹೇಳಿಕೊಂಡಿದ್ದಳು; ನಿಜ ನನಗೊಬ್ಬಳಿಗೇ ಗೊತ್ತಿತ್ತು.

“ನನ್ನ ಹೆಸರು ತಗೀಬ್ಯಾಡ್ರೀ ಅಕ್ಕಾರ. ಸರ್ ತಮ್ಮ ಸಾಲ್ಯಾಗ ನೌಕರಿ ಕೊಡ್ತೀನಿ ಅಂದಾರ. ಕುರ್ಲಾದ ಟೀಚರ್ ಅಂದ್ರ ಅಲ್ಲಿ ಪಾಲಕರು ಮೂಗು ಮುರೀತಾರ.”

“ಹೇಳದಿದ್ರ ಅನ್ಯಾಯ ಹೆಂಗ ಗೊತ್ತಾಗಬೇಕವಾ?”

“ನಿಮಗೇನ್ರೀ, ಮಾವನ ಬಿಲ್ಡಿಂಗ್‌ನ್ಯಾಗ ಇರ್ತೀರಿ, ನಳ ಮನೀ ಒಳಗೈತಿ. ಅನ್ಯಾಯ ನಿಮ್ಮ ಬಾಯಾಗ ಭಾಳ ಚಂದ ಕೇಳಸ್ತೈತಿ!” ಎಂದು ನಕ್ಕಳು.

ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಸೆಮಿನಾರಿನಲ್ಲಿ ಯಾರ ಹೆಸರನ್ನೂ ಎತ್ತದೆ ನನ್ನ ವಾದ ಮಂಡಿಸಿದೆ. ಶಾಂತವ್ವ ಹೇಳಿದ್ದ ಆ ಸರ್, ಖಾಸಗಿ ಶಾಲೆಯೊಂದರ ಟ್ರಸ್ಟಿಯೂ ಆಗಿದ್ದ ಪ್ರಾಧ್ಯಾಪಕರು, ಇಂಗ್ಲಿಷಿನಲ್ಲಿ ಶಾಂತವಾಗಿ ಉತ್ತರಿಸಿದರು: “ಬಾಗಿಲು ಎಲ್ಲರಿಗೂ ತೆರೆದಿದೆ. ಕೂಲಿಗಳ ಮಕ್ಕಳಿಗೆ ಓದಿನ ಹಂಬಲವಿಲ್ಲ, ಬರುವುದಿಲ್ಲ.” ಹಲವರು ತಲೆದೂಗಿದರು. ಕೊಟ್ಟ ಮಾತು ನನ್ನ ಬಾಯಿ ಕಟ್ಟಿತ್ತು.

ಹಿಂದಿನ ಬೆಂಚಿನಿಂದ ಶಾಂತವ್ವ ಎದ್ದಳು. “ಬರುತ್ತಾರೆ ಸರ್. ಬಂದವರು ಹೇಳುವುದಿಲ್ಲ.”

“ಯಾರು ಹಾಗೆ ಬಂದವರು?”

“ನಾನು. ಕುರ್ಲಾದ ಚಾಳಿನಿಂದ.”

ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡು, ಮುಂದಿನವರನ್ನು ಕರೆದರು.

ಪರೀಕ್ಷೆಗಳು ಮುಗಿದ ಮೇಲೆ ಆ ನೌಕರಿಯ ಕರೆ ಶಾಂತವ್ವನಿಗೆ ಬರಲಿಲ್ಲ, ನನಗೆ ಬಂತು. ಕಾರಣವನ್ನು ಯಾರೂ ಹೇಳಲಿಲ್ಲ; ನಾನು ಹೇಳುತ್ತೇನೆ: ಅವಳು ವಾಸಿಸುವ ಜಾಗ. ನಿರಾಕರಿಸುವುದೆಂದು ನಿಶ್ಚಯಿಸಿ, ಅದನ್ನು ತಿಳಿಸಲು ಕುರ್ಲಾಕ್ಕೆ ಹೋದೆ. ಶಾಂತವ್ವ ರೇಗಿದಳು.

“ನೀವು ಬಿಟ್ರ ಅದು ನನಗ ಬರತೈತೇನ್ರೀ? ದಾದರದಾಕಿ ಯಾರರೆ ಬಂದು ಕುಂದರತಾಳ. ಸುಮ್ನ ಹೋಗ್ರಿ. ಒಳಗ ಕುಂತು ಜಗಳಾ ತಗೀರಿ, ಅದು ನಿಮಗ ಚಲೋ ಬರತೈತಿ.”

ನಾನು ಸೇರಿದೆ. ಅವಳು ಜೋಗೇಶ್ವರಿಯ ಪಾಲಿಕೆ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ನಮ್ಮ ಶಾಲೆಯಲ್ಲಿ ಶಿಕ್ಷಕರನ್ನು ಆರಿಸುವ ಸಭೆಗಳಲ್ಲಿ ಈವರೆಗೆ ಎರಡು ಸಲ ಜಗಳವಾಡಿದ್ದೇನೆ; ಎರಡು ಸಲವೂ ಸೋತಿದ್ದೇನೆ.

ಭಾನುವಾರ ಕುರ್ಲಾಕ್ಕೆ ಹೋದರೆ ಶಾಂತವ್ವನ ತಾಯಿ, “ನಮ್ಮ ಕಡೀ ಹುಡುಗಿ” ಎಂದು ನೆರೆಯವರಿಗೆ ಪರಿಚಯಿಸಿ ರೊಟ್ಟಿ ಬಡಿಸುತ್ತಾರೆ. ನೆರೆಯವರು ನನ್ನ ಚಪ್ಪಲಿಯನ್ನೊಮ್ಮೆ ನೋಡಿ, ‘ಬಿಲ್ಡಿಂಗ್‌ವಾಲಿ’ ಎನ್ನುತ್ತಾರೆ. ಬಿಲ್ಡಿಂಗಿನವಳು ಎಂದರ್ಥ. ಎರಡು ಮಾತನ್ನೂ ನಾನು ಅಲ್ಲಗಳೆಯಲಾರೆ.