ಕಂಬಳಿಯಗಲದ ನೆಲ

ಕುರಿ ಕಾಯುವ ಆ ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಹೊಸ ಜಾಗಕ್ಕೆ ಕುರಿ ಬಿಡುವ ಮೊದಲು ಒಂದು ಹುಲ್ಲಿನ ಬುಡ ಚಿವುಟಿ, ಕಚ್ಚಿ ನೋಡುವುದು ಅಜ್ಜಿಯ ಕ್ರಮ. ರುಚಿ ಒಪ್ಪಿದರೆ ಮಾತ್ರ ಮಂದೆ ಮುಂದಕ್ಕೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆಯಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ದೇವಸಮುದ್ರದ ಕಡೆಯ ಒಂದು ಕಾವಲನ್ನು, ಊರ ಕುರಿಗಳು ಮೇಯುವ ಹುಲ್ಲುಬಯಲನ್ನು, ‘ಏನೂ ಬೆಳೆಯದ ಬಂಜರು’ ಎಂದು ಬರೆದೆ. ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ ಅದಕ್ಕೆ ಆಧಾರ. ಮಳೆ ಶುರುವಾದ ಮೇಲೆ, ಅಲ್ಲಿ ನೀಲಗಿರಿ ನೆಡಲು ಹೊರಟವರು ಊರ ಸಭೆಯಲ್ಲಿ ಅದೇ ಸಾಲನ್ನು ಓದಿ ಹೇಳಿದರು. ಅಜ್ಜಿಯ ಕುರಿ ಮೇಯುತ್ತಿದ್ದದ್ದು ಆ ಕಾವಲಿನಲ್ಲಿ. ಮರುದಿನ ಮೊದಲ ಬಸ್ಸಿಗೆ ಅಜ್ಜಿ ನನ್ನ ಕೋಣೆಗೆ ಬಂದರು.

“ಏನೂ ಬೆಳಿಯಲ್ಲ ಅಂತ ಬರ್ದೋನು ನೀನೇನಪ್ಪಾ?”

“ಹೌದಜ್ಜಿ.”

“ಮತ್ತೆ ನನ್ನ ಕುರಿ ಇಷ್ಟು ವರ್ಷ ನಿನ್ನ ಪೇಪರ್ ತಿಂದ್ವಾ? ಏಳು, ಹೋಗಾನ.”

ಕಾವಲಿನಲ್ಲಿ ಹೆಗಲ ಕಂಬಳಿ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಕಂಬಳಿ ಎತ್ತಿಕೊಂಡರು. “ಇಷ್ಟ್ರಾಗೆ ಏನೈತೆ, ಬರ್ಕೋ.” ಒಂದೊಂದನ್ನೇ ಚಿವುಟಿ ಹೆಸರು ಹೇಳಿದರು, ಕೆಲವು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ. ಗರಿಕೆ, ಕರಡ, ಹಂಚಿ... ಹದಿನೇಳಾದವು. ಪಕ್ಕದ ಕರಡದ ಬುಡದಲ್ಲಿ ನೆಲಗುಬ್ಬಿಯ ಗೂಡು, ಅದರಲ್ಲಿ ಮೂರು ಮೊಟ್ಟೆ.

“ಮರ ನೆಟ್ರೆ ನೆರಳಾಗ್ತೈತೆ. ನೆರಳಾಗೆ ಈ ಹುಲ್ಲು ಬರಲ್ಲ. ಆಮೇಲೆ ಇವೂ ಇಲ್ಲ, ನಾವೂ ಇಲ್ಲ.”

ಕಾಡು, ಮರುಭೂಮಿಗಳಂತೆ ಹುಲ್ಲುಗಾವಲೂ ಜಗತ್ತಿನ ದೊಡ್ಡ ಜೀವನೆಲೆಗಳಲ್ಲಿ ಒಂದು, ಆಫ್ರಿಕಾದ ಸಿಂಹಗಳಿರುವುದೂ ಇಂಥದ್ದರಲ್ಲೇ ಎಂದು ಶಾಲೆಯಲ್ಲಿ ಓದಿದ್ದನ್ನು ಹೇಳಿದೆ. ಅಜ್ಜಿ ನನ್ನನ್ನೇ ದಿಟ್ಟಿಸಿದರು.

“ಆಫ್ರಿಕಾದ್ದು ಗೊತ್ತೈತೆ. ಮನೆ ಮುಂದಿಂದು ಕಾಣ್ಲಿಲ್ವಾ?”

ಸಂಜೆ ನನ್ನ ವೃತ್ತಿಯ ಮೊದಲ ತಿದ್ದುಪಡಿ ಬರೆದೆ. ಸಂಪಾದಕರು ಆಧಾರ ಕೇಳಿದರು. “ಒಂದು ಕಂಬಳಿಯಗಲ ನೆಲ ಎಣಿಸಿದ್ದೇನೆ” ಎಂದೆ. ಹದಿನೇಳೂ ಹೆಸರು ಅಚ್ಚಾದವು. ಮುಂದಿನ ಸಭೆಯಲ್ಲಿ ಅಜ್ಜಿ ಆ ತುಂಡನ್ನು ಓದಿಸಿ, ಪ್ರತಿ ಹೆಸರಿಗೂ ಮಡಿಲಿನಿಂದ ಒಂದೊಂದು ಹುಲ್ಲು ತೆಗೆದು ಮೇಜಿನ ಮೇಲಿಟ್ಟರು. ಮೇಜು ತುಂಬಿತು. ಸಸಿ ತುಂಬಿದ ಲಾರಿ ಆ ಕಾವಲಿಗೆ ಬರಲಿಲ್ಲ.

ಅಜ್ಜಿ ತೀರಿಕೊಂಡಾಗ ಮಗ ಆ ಕಂಬಳಿಯನ್ನು ನನಗೆ ತಂದುಕೊಟ್ಟ. ಅದೀಗ ನಮ್ಮ ಕಚೇರಿಯ ಗೂಟದಲ್ಲಿದೆ. ‘ಬಂಜರು’ ಎಂದು ಬರೆದು ತರುವ ಹೊಸ ವರದಿಗಾರರಿಗೆ ನಾನು ಆ ಕಂಬಳಿ ಕೊಟ್ಟು ಕಳಿಸುತ್ತೇನೆ.